ವಾದ, ಜಲ್ಪ, ವಿತಂಡೆ: ಅಂತರ್ಜಾಲದ ಸಾರ್ವಜನಿಕ ಚರ್ಚೆಯನ್ನು ಕುರಿತು

೧

೨೦೧೫ರ ಮಾರ್ಚ್ ತಿಂಗಳ ಕೊನೆಯ ಭಾಗದಲ್ಲಿ, ಮೂರು ದಿನಗಳ ಅಂತರದಲ್ಲಿ, ನಮ್ಮ ದೇಶದಲ್ಲಿ ಎರಡು ಬರಹಗಳು ಹೊರಬಿದ್ದುವು. ೨೪ರಂದು ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ತೀರ್ಪಿತ್ತು, ಮಾಹಿತಿ ತಂತ್ರಜ್ಞಾನ ಅಧಿನಿಯಮದ ೬೬ಎ ಕಲಮನ್ನು ರದ್ದುಗೊಳಿಸಿತು. ೨೭ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ಅಂತರ್ಜಾಲದ ಸೇವೆಗಳನ್ನು ಹೇಗೆ ನಿಯಂತ್ರಿಸಬೇಕೆಂಬ ಬಗ್ಗೆ ಸಾರ್ವಜನಿಕರ ಅಭಿಪ್ರಾಯವನ್ನು ಬೇಡಿ ಸಮಾಲೋಚನಾ ಪತ್ರವೊಂದನ್ನು ಪ್ರಕಟಿಸಿತು. ಮೊದಲನೆಯದು ಜಾಲದಲ್ಲಿ ಮಾತನಾಡುವ ಹಕ್ಕನ್ನು ಕಾಪಾಡಿತು. ಎರಡನೆಯದು, ಆ ಹಕ್ಕುಳ್ಳವರು ಅದನ್ನು ಹೇಗೆ ಬಳಸುವರೆಂಬುದನ್ನು ಪರೀಕ್ಷೆಗೆ ಒಡ್ಡಿತು. ಪ್ರಕೃತ ಲೇಖನದಲ್ಲಿ ನಾವು ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬಯಸುತ್ತೇವೆ.

ರಾಜಕೀಯ, ಪೌರಸ್ವಾತಂತ್ರ್ಯ, ಹೊಸ ತಂತ್ರಜ್ಞಾನ ಇವುಗಳ ಮೇಲೆ ಅಂತರ್ಜಾಲದಲ್ಲಿ ನಡೆಯುವ ಚರ್ಚೆಯನ್ನು ಕುರಿತು ವಿದ್ಯಾವಂತರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದು ಬರಿಯ ಕಿರುಚಾಟ, ಅದಕ್ಕೆ ಕಡಿವಾಣ ಹಾಕಬೇಕು ಎನ್ನುವವರು ಕೆಲವರು. ಅದೇ ಪ್ರಜಾಪ್ರಭುತ್ವದ ಸಾಕ್ಷಾತ್ ಸ್ವರೂಪ, ಅದರ ಗುಣದೋಷಗಳನ್ನು ಎಣಿಸುವುದೇ ತಪ್ಪು ಎನ್ನುವವರು ಮತ್ತೆ ಕೆಲವರು. ಎರಡು ಪಕ್ಷದವರೂ ವಿಮರ್ಶೆಯ ಹೊಣೆಯಿಂದ ನುಣುಚಿಕೊಳ್ಳುತ್ತಾರೆ. ಮಾತನಾಡುವ ಹಕ್ಕು ಒಂದು, ಆಡಿದ ಮಾತಿನ ಯೋಗ್ಯತೆ ಮತ್ತೊಂದು. ಹಕ್ಕನ್ನು ಕಾಯುವುದು ನ್ಯಾಯಾಲಯದ ಕೆಲಸ. ಯೋಗ್ಯತೆಯನ್ನು ತೂಗುವುದು ವಿಮರ್ಶೆಯ ಕೆಲಸ. ಒಂದರ ಕೆಲಸಕ್ಕೆ ಇನ್ನೊಂದು ಕೈಯಿಕ್ಕಿದಲ್ಲಿ ಎರಡೂ ಕೆಡುತ್ತವೆ. ಇದೇ ಈ ಲೇಖನದ ಪ್ರತಿಜ್ಞೆ.

೨

ಚರ್ಚೆಯ ಯೋಗ್ಯತೆಯನ್ನು ತೂಗಲು ನಮ್ಮಲ್ಲಿ ಅಳತೆಗೋಲಿಲ್ಲದೆ ಇಲ್ಲ. ಗೌತಮನ ನ್ಯಾಯಸೂತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡೆ ಎಂದು ಮೂರಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದೇ ಇದೆ. ಪ್ರಮಾಣ, ತರ್ಕಗಳನ್ನು ಹಿಡಿದು, ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳನ್ನು ಒಳಗೊಂಡು, ಪಕ್ಷ ಪ್ರತಿಪಕ್ಷಗಳಾಗಿ ನಡೆಯತಕ್ಕದ್ದು ವಾದ; ತತ್ತ್ವನಿರ್ಣಯ ಅದರ ಗುರಿ. ಗೆಲುವನ್ನೇ ಗುರಿಯಾಗಿಸಿಕೊಂಡು ಛಲ, ಜಾತಿ, ನಿಗ್ರಹಸ್ಥಾನಗಳನ್ನೂ ಆಯುಧಗಳನ್ನಾಗಿ ಬಳಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಒಡೆಯುತ್ತ ಹೋಗುವುದು ವಿತಂಡೆ. ಇಲ್ಲಿ ಗಮನಾರ್ಹವಾದ ಅಂಶವೆಂದರೆ, ಈ ವಿಂಗಡಣೆಗೂ ಸೌಜನ್ಯಕ್ಕೂ ಸಂಬಂಧವಿಲ್ಲ. ಕಟುವಾಗಿ ಮಾತನಾಡಿಯೂ ವಾದಿಸಬಹುದು. ಬೆಣ್ಣೆಯಂತೆ ಮಾತನಾಡಿಯೂ ವಿತಂಡೆ ಹೂಡಬಹುದು.

ನಿಗ್ರಹಸ್ಥಾನಗಳ ಪಟ್ಟಿಯನ್ನು ನೋಡಿದರಂತೂ ಅದು ಇಂದಿನ ಜಾಲಚರ್ಚೆಯನ್ನು ಕಂಡೇ ಬರೆದುದೋ ಎಂಬಂತಿದೆ. ಅದರಲ್ಲಿ ಇಪ್ಪತ್ತೆರಡು ಬಗೆಗಳಿವೆ. ನಮ್ಮ ಪ್ರಯೋಜನಕ್ಕೆ ಮೂರು ಸಾಕು. ಎದುರಾಳಿಯು ಮೂರು ಬಾರಿ ಹೇಳಿದರೂ, ಸಭೆಗೆ ಅದು ಅರ್ಥವಾಗಿದ್ದರೂ, ಅವನ ಮಾತನ್ನು ತಿರುಗಿ ಹೇಳಲಾರದೆ ಹೋಗುವುದು ಅನನುಭಾಷಣ. ಪ್ರಸ್ತುತ ವಿಷಯವನ್ನು ಬಿಟ್ಟು ಬೇರೊಂದಕ್ಕೆ ಜಾರುವುದು ಅರ್ಥಾಂತರ. ತನ್ನ ಮೇಲಿನ ದೋಷಕ್ಕೆ ಸಮಾಧಾನ ಹೇಳದೆ ‘ನಿನ್ನಲ್ಲಿಯೂ ಅದೇ ದೋಷವಿದೆ’ ಎನ್ನುವುದು ಮತಾನುಜ್ಞೆ. ಹಾಗೆನ್ನುವವನು ತನ್ನ ದೋಷವನ್ನು ಒಪ್ಪಿಕೊಂಡಂತೆಯೇ ಆಯಿತೆಂದು ಶಾಸ್ತ್ರಕಾರನ ನಿರ್ಣಯ. ಒಂದು ಸರ್ಕಾರದ ತಪ್ಪನ್ನು ತೋರಿಸಿದೊಡನೆ ಹಿಂದಿನ ಸರ್ಕಾರದ ತಪ್ಪನ್ನು ಎತ್ತಿಹಿಡಿಯುವ ನಮ್ಮ ನಿತ್ಯದ ರಾಜಕೀಯ ಚರ್ಚೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು.

ಆದರೆ ಗೌತಮನು ಜಲ್ಪವಿತಂಡೆಗಳನ್ನು ಪೂರ್ಣವಾಗಿ ನಿಷೇಧಿಸಿದವನಲ್ಲ. ಮೊಳಕೆಯನ್ನು ಕಾಯಲು ಮುಳ್ಳುಬೇಲಿಯನ್ನು ಹಾಕುವಂತೆ, ತತ್ತ್ವನಿಶ್ಚಯವನ್ನು ಕಾಯಲು ಅವು ಬೇಕಾಗುತ್ತವೆ ಎಂಬುದು ಅವನ ಮತ. ಬೇಲಿ ಬೆಳೆಯಲ್ಲ, ಬೇಲಿಯಿಲ್ಲದೆ ಬೆಳೆಯೂ ಉಳಿಯದು. ಈ ಸೂಕ್ಷ್ಮವನ್ನು ಮುಂದಿನ ವಿವೇಚನೆಯಲ್ಲಿ ಮರೆಯಬಾರದು.

೩

೬೬ಎ ಕಲಮು ೨೦೦೮ರ ತಿದ್ದುಪಡಿಯಿಂದ ಸೇರಿ, ೨೦೦೯ರಲ್ಲಿ ಜಾರಿಗೆ ಬಂದಿತು. ತೀರ ಅಸಹ್ಯವಾದ, ಬೆದರಿಸುವಂಥ, ಅಥವಾ ಸುಳ್ಳೆಂದು ಗೊತ್ತಿದ್ದೂ ಕಿರಿಕಿರಿ, ಅನನುಕೂಲ, ಅವಮಾನ, ದ್ವೇಷ ಮುಂತಾದುವನ್ನು ಉಂಟುಮಾಡಲು ಕಳುಹಿಸಿದ ಸಂದೇಶಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ಅದು ವಿಧಿಸುತ್ತಿತ್ತು. ಅದರ ಮೂಲವನ್ನು ತೀರ್ಪು ಇಂಗ್ಲೆಂಡಿನ ೧೯೩೫ರ ಅಂಚೆ ಕಚೇರಿ ತಿದ್ದುಪಡಿ ಶಾಸನದಲ್ಲಿ ಗುರುತಿಸುತ್ತದೆ. ದೂರವಾಣಿಯಲ್ಲಿ ಒಬ್ಬರನ್ನೊಬ್ಬರು ಪೀಡಿಸದಂತೆ ಮಾಡಿದ ನಿಯಮವೊಂದು ಸಾರ್ವಜನಿಕ ಚರ್ಚೆಯ ಮೇಲಿನ ನಿಯಮವಾಗಿ ಬೆಳೆದುದು ಹೀಗೆ. ೨೦೧೨ರ ನವೆಂಬರಿನಲ್ಲಿ, ಬಾಳ ಠಾಕರೆಯವರ ನಿಧನದ ತರುವಾಯ ಆದ ಬಂದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಮಹಾರಾಷ್ಟ್ರದ ಪಾಲ್ಘರಿನ ಒಬ್ಬ ತರುಣಿಯೂ, ಆ ಬರಹಕ್ಕೆ ಮೆಚ್ಚುಗೆಯ ಗುರುತು ಒತ್ತಿದ ಇನ್ನೊಬ್ಬಳೂ ಬಂಧನಕ್ಕೊಳಗಾದರು. ಅನಂತರವೇ ಈ ಮೊಕದ್ದಮೆ ಹೂಡಲ್ಪಟ್ಟಿತು.

ನ್ಯಾಯಮೂರ್ತಿ ಜೆ. ಚೆಲಮೇಶ್ವರ್ ಅವರೊಡನೆ ಕುಳಿತು ನ್ಯಾಯಮೂರ್ತಿ ಆರ್. ಎಫ್. ನಾರಿಮನ್ ಅವರು ಬರೆದ ಈ ತೀರ್ಪು ಮಾತನ್ನು ಮೂರಾಗಿ ವಿಂಗಡಿಸುತ್ತದೆ: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲಿನ ಎರಡು ಎಷ್ಟೇ ಅಪ್ರಿಯವಾಗಿರಲಿ ಸಂವಿಧಾನದ ರಕ್ಷಣೆಯಲ್ಲಿವೆ. ಮೂರನೆಯದರ ಮಟ್ಟವನ್ನು ಮುಟ್ಟಿದಾಗ ಮಾತ್ರ ೧೯ನೆಯ ಅನುಚ್ಛೇದದ ಎರಡನೆಯ ಖಂಡದ ನಿರ್ಬಂಧಗಳು ಅನ್ವಯಿಸುತ್ತವೆ. ಕಲಮಿನ ಪದಗಳ ಅಸ್ಪಷ್ಟತೆಯನ್ನು ತೋರಿಸಲು ತೀರ್ಪು ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನು ಎತ್ತಿಕೊಳ್ಳುತ್ತದೆ. ಎರಡರಲ್ಲಿಯೂ ಒಂದೇ ಸಂಗತಿಯ ಮೇಲೆ ನುರಿತ ನ್ಯಾಯಾಧೀಶರೇ ಒಬ್ಬರಿಗೊಬ್ಬರು ವಿರುದ್ಧವಾದ ನಿರ್ಣಯಕ್ಕೆ ಬಂದಿದ್ದರು. ನ್ಯಾಯಾಧೀಶರಿಗೇ ಗೊತ್ತಾಗದ ಗೆರೆಯನ್ನು ಠಾಣೆಯ ಅಧಿಕಾರಿಯೂ ಸಾಮಾನ್ಯ ನಾಗರಿಕನೂ ಹೇಗೆ ಕಂಡಾರು?

ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದ ಈ ತೀರ್ಪಿನಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಅದು ಹೇಳಿದುದಕ್ಕಿಂತ ಹೇಳದೆ ಬಿಟ್ಟುದು. ನ್ಯಾಯಾಲಯದ ತ್ರಿವಿಭಾಗವು ಮಾತಿನ ಪರಿಣಾಮವನ್ನು ಅಳೆಯುತ್ತದೆ. ಗೌತಮನ ತ್ರಿವಿಭಾಗವು ಮಾತಿನ ಗುರಿಯನ್ನೂ ರೀತಿಯನ್ನೂ ಅಳೆಯುತ್ತದೆ. ಇವೆರಡೂ ಬೇರೆ ಬೇರೆ ಅಳತೆಗಳು. ಕಳಪೆ ಜಲ್ಪವೊಂದು ಯಾರನ್ನೂ ಪ್ರಚೋದಿಸದೆ ಇರಬಹುದು. ಅದು ರಕ್ಷಣೆಗೆ ಅರ್ಹ. ಅನನುಕೂಲವನ್ನುಂಟುಮಾಡಿದ ಮಾತನ್ನು ಅಪರಾಧವೆಂದ ೬೬ಎ ಕಲಮು ಈ ಅಳತೆಗಳನ್ನು ಕಲಸಿಬಿಟ್ಟಿತ್ತು. ಜಲ್ಪವನ್ನು ದಂಡಿಸಹೊರಟ ಅದು ವಾದವನ್ನೂ ಬಲೆಗೆ ಕೆಡವಿತು. ಏಕೆಂದರೆ ಒಳ್ಳೆಯ ವಾದವೂ ಕೇಳುವವನಿಗೆ ಕಿರಿಕಿರಿ ಮಾಡದೆ ಬಿಡುವುದಿಲ್ಲ. ಮಾತಿನ ಗುಣವನ್ನು ಕುರಿತು ನ್ಯಾಯಾಲಯವು ಮೌನವಾಗಿದ್ದುದು ಯುಕ್ತವಾಗಿಯೇ ಇದೆ. ರದ್ದಾದ ಕಲಮಿನ ಕೆಳಗೆ ಮುಂದೆಯೂ ಮೊಕದ್ದಮೆಗಳು ದಾಖಲಾಗುತ್ತಿದ್ದು, ಯಾರ ಮೇಲೂ ಅದನ್ನು ಹೂಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಅಕ್ಟೋಬರಿನಲ್ಲಿ ಮತ್ತೆ ಆಜ್ಞಾಪಿಸಬೇಕಾಯಿತೆಂಬುದು, ಈ ಕಲಬೆರಕೆ ನಮ್ಮ ಆಡಳಿತದ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ ಸಾಕ್ಷಿ.

೪

ನ್ಯಾಯಾಲಯ ಬಿಟ್ಟುಕೊಟ್ಟ ಎಡೆಯಲ್ಲಿ ಜನರು ಏನು ಮಾಡಿದರು? ಟ್ರಾಯ್ ಪ್ರಾಧಿಕಾರದ ಪತ್ರದಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದುವು. ನೆಟ್ ನ್ಯೂಟ್ರಾಲಿಟಿ ಎಂದು ಪ್ರಸಿದ್ಧವಾದ ತತ್ತ್ವದ ಪರವಾಗಿ, ಅಂದರೆ ದೂರಸಂಪರ್ಕ ಕಂಪನಿಯು ಜಾಲದ ಒಂದು ತಾಣಕ್ಕೂ ಇನ್ನೊಂದಕ್ಕೂ ಭೇದವೆಣಿಸಕೂಡದೆಂಬ ಪಕ್ಷದ ಪರವಾಗಿ, ಸ್ವಯಂಸೇವಕರು ಆ ಪ್ರಶ್ನೆಗಳಿಗೆ ಉತ್ತರಗಳನ್ನು ಬರೆದು ಜಾಲದಲ್ಲಿಟ್ಟರು. ಹಾಸ್ಯಗಾರರ ತಂಡವೊಂದು ಗೇಲಿಯ ಚಿತ್ರಿಕೆಯಿಂದ ವಿಷಯವನ್ನು ತರುಣರ ಬಳಿಗೆ ಒಯ್ದಿತು. ಅದು ಗೌತಮನ ಮುಳ್ಳುಬೇಲಿ. ಹತ್ತು ಲಕ್ಷಕ್ಕೂ ಮೀರಿದ ಮಿಂಚಂಚೆಗಳು ಪ್ರಾಧಿಕಾರವನ್ನು ಮುಟ್ಟಿದುವು. ಪ್ರಾಧಿಕಾರವು ಏಪ್ರಿಲ್‌ನಲ್ಲಿ ಅವನ್ನು ಕಳುಹಿಸಿದವರ ವಿಳಾಸಗಳೊಡನೆಯೇ ಪ್ರಕಟಿಸಿ, ಸ್ವಾತಂತ್ರ್ಯಕ್ಕಾಗಿ ವಾದಿಸಿದವರ ಖಾಸಗಿತನವನ್ನೇ ಬಯಲಿಗಿಟ್ಟದ್ದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ದರಭೇದವನ್ನು ಕುರಿತು ಎರಡನೆಯ ಪತ್ರ ಹೊರಟಿತು. ಅದರಲ್ಲಿ ನಾಲ್ಕೇ ಪ್ರಶ್ನೆಗಳು. ಆಯ್ದ ಕೆಲವು ತಾಣಗಳನ್ನು ಮಾತ್ರ ಶುಲ್ಕವಿಲ್ಲದೆ ಒದಗಿಸುವ ‘ಫ್ರೀ ಬೇಸಿಕ್ಸ್’ ಯೋಜನೆಯನ್ನು ಹೊಂದಿದ್ದ ಫೇಸ್‌ಬುಕ್ ಸಂಸ್ಥೆಯು, ತನ್ನ ಬಳಕೆದಾರರಿಂದ ಸಿದ್ಧಮಾದರಿಯ ಬೆಂಬಲಪತ್ರಗಳನ್ನು ಲಕ್ಷಗಟ್ಟಲೆ ಕಳುಹಿಸಿತು. ಅವು ಯೋಜನೆಯನ್ನು ಬೆಂಬಲಿಸುತ್ತಿದ್ದುವೇ ಹೊರತು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿರಲಿಲ್ಲ. ಪ್ರಾಧಿಕಾರವು ಇದನ್ನೇ ಎತ್ತಿ ಆಡಿ, ನಿರ್ದಿಷ್ಟ ಪ್ರಶ್ನೆಗಳಿಗೆ ಉತ್ತರವನ್ನು ಕೇಳಿತು. ನಮ್ಮ ಪರಿಭಾಷೆಯಲ್ಲಿ ಇದು ಮಧ್ಯಸ್ಥನು ಅನನುಭಾಷಣವನ್ನು ಗುರುತಿಸಿದುದಕ್ಕೆ ಸಮ. ಎದುರು ಪಕ್ಷದವರ ಉತ್ತರಗಳೂ ಸಿದ್ಧಮಾದರಿಯವೇ ಅಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮೊದಲ ಸುತ್ತಿನ ಆ ಮಾದರಿ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಹೇತುಗಳನ್ನು ಕೊಟ್ಟಿತ್ತು. ನಕಲಾದರೂ ವಾದವು ವಾದವೇ. ಸಹಿಗಳ ರಾಶಿಯಾದರೋ ಎಷ್ಟೇ ಎತ್ತರವಿರಲಿ ಹೇತುವಾಗಲಾರದು.

ಫ್ರೀ ಬೇಸಿಕ್ಸ್ ಪಕ್ಷದಲ್ಲಿ ವಾದವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಏನೂ ಇಲ್ಲದ ಬಡವನಿಗೆ ಸ್ವಲ್ಪ ಜಾಲವಾದರೂ ದೊರೆಯುವುದು ಮೇಲಲ್ಲವೆ ಎಂಬುದು ಗಟ್ಟಿಯಾದ ಹೇತು. ಮಾರ್ಕ್ ಜುಕರ್‌ಬರ್ಗ್ ಅವರು ೨೦೧೫ರ ಡಿಸೆಂಬರಿನಲ್ಲಿ ಪತ್ರಿಕೆಯೊಂದಕ್ಕೆ ಬರೆದು, ತಮ್ಮ ಯೋಜನೆಯನ್ನು ಸಾರ್ವಜನಿಕ ಗ್ರಂಥಾಲಯ, ಆಸ್ಪತ್ರೆ, ಶಾಲೆಗಳಿಗೆ ಹೋಲಿಸಿದರು. ವಿಮರ್ಶಕನು ಪರೀಕ್ಷಿಸಬೇಕಾದುದು ಈ ಉದಾಹರಣೆಯನ್ನು. ಗ್ರಂಥಾಲಯದಲ್ಲಿಯೂ ಎಲ್ಲ ಪುಸ್ತಕಗಳಿರುವುದಿಲ್ಲ ನಿಜ. ಆದರೆ ಅಲ್ಲಿ ಆಯ್ಕೆ ಮಾಡುವುದು ಸಾರ್ವಜನಿಕರಿಗೆ ಉತ್ತರ ಹೇಳಬೇಕಾದ ಸಂಸ್ಥೆ, ತಾನೇ ಪ್ರಕಾಶಕನೂ ಆಗಿರುವ ಒಂದು ಕಂಪನಿಯಲ್ಲ. ದೃಷ್ಟಾಂತವು ಸಾಧ್ಯಕ್ಕೆ ಬೇಕಾದ ಎಡೆಯಲ್ಲಿಯೇ ಮುರಿದುಬೀಳುತ್ತದೆ.

೨೦೧೬ರ ಫೆಬ್ರವರಿ ೮ರಂದು ಪ್ರಾಧಿಕಾರವು ದರಭೇದವನ್ನು ನಿಷೇಧಿಸಿ, ವಿವರಣೆಯೊಂದಿಗೆ ತನ್ನ ನಿಯಮವನ್ನು ಪ್ರಕಟಿಸಿತು. ಅದಾದ ಮೇಲೆ ಫೇಸ್‌ಬುಕ್ ಸಂಸ್ಥೆಯ ನಿರ್ದೇಶಕರಲ್ಲೊಬ್ಬರಾದ ಮಾರ್ಕ್ ಆಂಡ್ರೀಸೆನ್ ಅವರು ಟ್ವಿಟರಿನಲ್ಲಿ, ವಸಾಹತುಶಾಹಿಯನ್ನು ವಿರೋಧಿಸಿದುದರಿಂದ ಭಾರತೀಯರಿಗೆ ಆರ್ಥಿಕವಾಗಿ ಹಾನಿಯೇ ಆಯಿತೆಂಬರ್ಥದ ಮಾತನ್ನಾಡಿ, ಖಂಡನೆಗೆ ಗುರಿಯಾಗಿ, ಅದನ್ನು ತೆಗೆದುಹಾಕಿ ಕ್ಷಮೆ ಕೇಳಿದರು. ಯೋಜನೆಯನ್ನು ‘ವಸಾಹತುಶಾಹಿ’ ಎಂದವರು ಲಕ್ಷಣೆಯಿಂದ ಹಾಗೆಂದಿದ್ದರು. ಉತ್ತರವು ವಾಚ್ಯಾರ್ಥವನ್ನು ಹಿಡಿದು ಬಂದಿತು. ಮಂಚಗಳು ಕೂಗುತ್ತಿವೆ ಎಂದರೆ, ಕೂಗುವವರು ಮಂಚದ ಮೇಲಿರುವ ಜನರೇ ಹೊರತು ಮಂಚಗಳಲ್ಲ ಎಂದು ಆಕ್ಷೇಪಿಸುವ ಉಪಚಾರಛಲವನ್ನು ಭಾಷ್ಯಕಾರ ವಾತ್ಸ್ಯಾಯನನು ವಿವರಿಸಿದ್ದಾನೆ. ಇದೂ ಅದೇ ಜಾತಿಯದು. ಆದರೆ ರೂಪಕವನ್ನೇ ಹೇತುವೆಂದು ಬೀಸಿದವರೂ ನಿರ್ದೋಷಿಗಳಲ್ಲ.

೫

ಈ ಪ್ರಸಂಗದಿಂದ ನಾವು ತೆಗೆಯುವ ನಿಗಮನವಿಷ್ಟು: ಆ ಚರ್ಚೆಯನ್ನು ವಾದದ ಮಟ್ಟಕ್ಕೆ ಏರಿಸಿದುದು ಜನರ ಸೌಜನ್ಯವಲ್ಲ, ಸಂಖ್ಯೆಯೂ ಅಲ್ಲ. ಅಲ್ಲಿ ಮೊದಲೇ ಗೊತ್ತುಮಾಡಿದ ಪ್ರಶ್ನೆಯಿತ್ತು, ಪಕ್ಷಗಳು ಸ್ಪಷ್ಟವಾಗಿದ್ದುವು, ನಿರ್ಣಯಕ್ಕೆ ಕಾರಣ ಹೇಳಲೇಬೇಕಾದ ಮಧ್ಯಸ್ಥನಿದ್ದನು. ದಿನನಿತ್ಯದ ಜಾಲಚರ್ಚೆಯಲ್ಲಿ ಈ ಮೂರೂ ಇಲ್ಲ. ವಾದಕ್ಕಿಳಿಯುವ ಮೊದಲು ಪರಿಷತ್ತನ್ನು ಪರೀಕ್ಷಿಸಬೇಕು, ಅದು ಜ್ಞಾನಿಗಳದೋ ಮೂಢರದೋ, ಮಿತ್ರರದೋ ಉದಾಸೀನರದೋ ಶತ್ರುಗಳದೋ ನೋಡಬೇಕು ಎಂದು ಚರಕಸಂಹಿತೆ ಹೇಳುತ್ತದೆ. ಜಾಲದಲ್ಲಿ ಇವರೆಲ್ಲರೂ ಒಂದೇ ಕಾಲದಲ್ಲಿ, ಕಾಣದೆ, ಕುಳಿತಿರುತ್ತಾರೆ. ಮಧ್ಯಸ್ಥನ ಪೀಠದಲ್ಲಿ ಮೆಚ್ಚುಗೆಯ ಎಣಿಕೆ ಕುಳಿತಿದೆ. ಅದು ಗೆಲುವನ್ನು ಹೇಳಬಲ್ಲುದು, ಕಾರಣವನ್ನು ಹೇಳಲಾರದು. ಹಳೆಯ ಸಭೆಗಳೇ ಮೇಲೆಂದು ನಮ್ಮ ಅಭಿಪ್ರಾಯವಲ್ಲ. ಅವುಗಳಿಗೆ ಮಧ್ಯಸ್ಥನಿದ್ದನು, ಆದರೆ ಬಾಗಿಲು ಕಿರಿದಾಗಿದ್ದು ಬಹುಮಂದಿ ಹೊರಗೇ ಉಳಿದಿದ್ದರು. ಇಂದು ಬಾಗಿಲು ಅಗಲವಾಗಿದೆ. ಅದನ್ನು ಮತ್ತೆ ಕಿರಿದು ಮಾಡದೆ ವಾದವನ್ನು ಬೆಳಸುವುದೇ ನಮ್ಮ ಕಾಲದ ಸಮಸ್ಯೆ.

ಸರ್ಕಾರವು ಈ ಸಮಸ್ಯೆಗೆ ಕಂಡುಕೊಂಡಿರುವ ಪರಿಹಾರ ಬರಹವನ್ನು ತಡೆಯುವುದು. ೨೦೧೫ರ ತೀರ್ಪು ೬೯ಎ ಕಲಮನ್ನು ಎತ್ತಿಹಿಡಿದಾಗ, ತಡೆಯಾಜ್ಞೆಗೆ ಕಾರಣಗಳನ್ನು ಬರೆದಿಡಬೇಕಾಗುವುದರಿಂದ ಅವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂಬುದನ್ನು ಒಂದು ಆಧಾರವಾಗಿಟ್ಟುಕೊಂಡಿತು. ಆದರೆ ಅದೇ ಕಲಮಿನ ಕೆಳಗಿನ ೨೦೦೯ರ ನಿಯಮಗಳಲ್ಲಿ ಹದಿನಾರನೆಯದು ಈ ವ್ಯವಹಾರವನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ಹೇತುವನ್ನು ಬರೆದು ಪೆಟ್ಟಿಗೆಯಲ್ಲಿಟ್ಟರೆ ಖಂಡಿಸುವವನು ಯಾವುದನ್ನು ಖಂಡಿಸಬೇಕು? ಇಂಥ ಆಜ್ಞೆಗಳನ್ನು ಪ್ರಶ್ನಿಸಿದ ಟ್ವಿಟರ್ ಸಂಸ್ಥೆಯ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೩ರ ಜೂನ್ ೩೦ರಂದು ೫೦ ಲಕ್ಷ ರೂಪಾಯಿ ವೆಚ್ಚ ವಿಧಿಸಿ ವಜಾ ಮಾಡಿತು. ಅಧಿಕಾರಿಗಳು ಬರಹಗಳನ್ನು ತೆಗೆಸಲು ಸೂಚನೆ ಕಳುಹಿಸುವ ‘ಸಹಯೋಗ್’ ವ್ಯವಸ್ಥೆಯ ವಿರುದ್ಧ ಎಕ್ಸ್ ಎಂಬ ಹೊಸ ಹೆಸರಿನಿಂದ ಆ ಸಂಸ್ಥೆ ತಂದ ಅರ್ಜಿಯೂ ೨೦೨೫ರ ಸೆಪ್ಟೆಂಬರ್ ೨೪ರಂದು ಅದೇ ನ್ಯಾಯಾಲಯದಲ್ಲಿ ವಜಾ ಆಯಿತು. ಈ ನಿರ್ಣಯಗಳ ಕಾನೂನಿನ ಬಲಾಬಲ ಕಾನೂನು ಪಂಡಿತರಿಗೆ ಸೇರಿದ್ದು. ಚರ್ಚಾಶಾಸ್ತ್ರದ ದೃಷ್ಟಿಯಿಂದ ನಾವು ಹೇಳಬಹುದಾದುದು ಒಂದೇ: ಕಾರಣ ಕಾಣದೆ ಮಾತು ಮಾಯವಾದಲ್ಲಿ ವಾದವು ಸುಧಾರಿಸುವುದಿಲ್ಲ, ಸಭೆಯ ಸಂಶಯ ಮಾತ್ರ ಹೆಚ್ಚುತ್ತದೆ. ತೆಗೆದ ಬರಹವು ಪ್ರಚೋದನೆಯೋ, ಬರಿಯ ಜಲ್ಪವೋ, ಅಥವಾ ಸರ್ಕಾರಕ್ಕೆ ಕಹಿಯಾದ ವಾದವೋ ಎಂದು ತಿಳಿಯುವ ಬಗೆ ಓದುಗನಿಗೆ ಉಳಿಯುವುದಿಲ್ಲ.

ಗುರುಶಿಷ್ಯರ ನಡುವೆ, ಸಹಪಾಠಿಗಳ ನಡುವೆ ನಡೆಯುವುದೇ ವಾದಕ್ಕೆ ಸಹಜವಾದ ನೆಲೆಯೆಂದು ನ್ಯಾಯಶಾಸ್ತ್ರ ಹೇಳುತ್ತದೆ. ಹಾಗಾದಲ್ಲಿ ಈ ಕೆಲಸ ಮೊದಲು ನಮ್ಮ ಕಾಲೇಜುಗಳಿಗೆ ಸೇರಿದ್ದು. ಪದ್ಯವನ್ನೂ ಗದ್ಯವನ್ನೂ ಬಿಡಿಸಿ ನೋಡುವ ತರಗತಿಯಲ್ಲಿ ಜಾಲದ ಒಂದು ಚರ್ಚೆಯನ್ನೂ ಹರಡಿಕೊಂಡು, ಪ್ರತಿಜ್ಞೆ ಯಾವುದು, ಹೇತು ಯಾವುದು, ಎದುರಾಳಿಯ ಮಾತನ್ನು ಅವನು ಒಪ್ಪುವಂತೆ ತಿರುಗಿ ಹೇಳಿದವರು ಯಾರು, ಎಲ್ಲಿ ಮತಾನುಜ್ಞೆ ನುಸುಳಿತು ಎಂದು ವಿದ್ಯಾರ್ಥಿಗಳಿಂದ ಗುರುತಿಸಿಸುವುದು ಕಷ್ಟವೇನಲ್ಲ. ಹಕ್ಕನ್ನು ನ್ಯಾಯಾಲಯ ಉಳಿಸಿಕೊಟ್ಟಿದೆ. ಅದಕ್ಕೆ ತಕ್ಕ ವಿವೇಕವನ್ನು ಯಾವ ಶಾಸನವೂ ಕಲಿಸಲಾರದು, ಕಲಿಸಹೊರಡಲೂ ಕೂಡದು. ಆ ಪಾಠ ನಡೆಯತಕ್ಕದ್ದು ನಮ್ಮ ತರಗತಿಗಳಲ್ಲಿ.