ಐವತ್ತು ವರ್ಷ, ಐವತ್ತು ಹಾಡು

ಅಮೆರಿಕೆಯ ಗೀತಕಾರ ಸ್ಟೆಫಿನ್ ಮೆರಿಟ್ಟರು ‘ಮ್ಯಾಗ್ನೆಟಿಕ್ ಫೀಲ್ಡ್ಸ್’ ವೃಂದದ ಹೆಸರಿನಲ್ಲಿ 2017ರಲ್ಲಿ ಹೊರತಂದ ‘ಫಿಫ್ಟಿ ಸಾಂಗ್ ಮೆಮ್ವಾರ್’ ಐದು ಮುದ್ರಿಕೆಗಳ ಆತ್ಮಕಥನ. 1966ರಿಂದ 2015ರವರೆಗೆ ವರ್ಷಕ್ಕೊಂದು ಹಾಡು. ವಿಮರ್ಶಕರಲ್ಲಿ ಬಹುಮಂದಿ ಇದರ ಹರಹಿಗೂ ವಿನೋದಕ್ಕೂ ತಲೆದೂಗಿದರು. ಹಾಡುಗಳೆಲ್ಲ ಸಮತೂಕದವಲ್ಲವೆಂದು ಆಕ್ಷೇಪಿಸಿದವರೂ ಉಂಟು. ಆಕ್ಷೇಪವು ಸುಳ್ಳಲ್ಲ. ಆದರೆ ಬಾಳಿನ ವರ್ಷಗಳೂ ಸಮತೂಕದವಲ್ಲ. ಬರಡು ವರ್ಷವನ್ನು ದಾಟಿಹೋಗುವ ಸ್ವಾತಂತ್ರ್ಯವನ್ನು ಕರ್ತೃವೇ ಇಲ್ಲಿ ತ್ಯಜಿಸಿದ್ದಾರೆ. 1999ರ ‘ಸಿಕ್ಸ್‌ಟಿನೈನ್ ಲವ್ ಸಾಂಗ್ಸ್’ನಲ್ಲಿ ಅನ್ಯರ ಕಂಠಗಳೂ ಇದ್ದುವು, ಇಲ್ಲಿ ಐವತ್ತನ್ನೂ ಅವರೇ ಹಾಡಿದ್ದಾರೆ. ಆದುದರಿಂದ ಬಿಡಿಹಾಡಿನ ಸೊಗಸನ್ನು ಎಣಿಸಿದರೆ ಸಾಲದು. ನಿಯಮವು ಬಾಳಿಗೆ ರೂಪ ಕೊಟ್ಟಿತೇ, ಬರಿಯ ಲೆಕ್ಕ ತುಂಬಿಸಿತೇ ಎಂಬುದನ್ನು ವಿಮರ್ಶೆ ನೋಡಬೇಕು. ಲೋಕವೇ ತಲ್ಲಣಿಸಿದ 1968ಕ್ಕೆ ಒದಗಿರುವುದು ಡಯೊನೈಸಸ್ ಎಂಬ ಬೆಕ್ಕಿನ ಹಾಡು. ಶಿಶುವಿನ ಪಾಲಿಗೆ ಅದೇ ಆ ವರ್ಷದ ಚರಿತ್ರೆ. ಅಲ್ಲಿ ನಿಯಮವು ಸಾರ್ಥಕವಾಗಿದೆ.