ಬಾಗಿಲಿಗೆ ಕೊಟ್ಟ ಕಲ್ಲು

ಆಷಾಢದಲ್ಲಿ ರಾಮನಗರ, ಮಾಗಡಿ ಕಡೆಯ ರೇಷ್ಮೆ ಹುಳು ಸಾಕುವ ಮನೆಗೆ ಹೋದರೆ ಮೊದಲು ಕಾಲಿಗೆ ಎಡವುವುದು ಒಂದು ಕಲ್ಲು. ಬಂಡೆ ಒಡೆದಾಗ ಉಳಿದ ಚಕ್ಕೆಯೋ, ಒರಳು ಮೂಲೆ ಸೇರಿದ ಮೇಲೆ ಕೆಲಸವಿಲ್ಲದ ಗುಂಡುಕಲ್ಲೋ ಬಾಗಿಲ ಬುಡದಲ್ಲಿ ಕೂತಿರುತ್ತದೆ. ‘ಕಲ್ಲು ಕೊಡೋ ಮಗ, ಬಾಗ್ಲು ಬಡ್ಕೋತದೆ’ ಎಂದು ಚಿಕ್ಕವ್ವ ಒಳಗಿನಿಂದ ಕೂಗಿದರೆ ಆಟ ಬಿಟ್ಟು ಓಡುತ್ತಿದ್ದ ಕಾಲ ನನ್ನದು. ಕಲ್ಲಿಗೆ ಬರವಿಲ್ಲದ ಸೀಮೆ ಇದು. ಇಲ್ಲಿನ ಬಂಡೆಗೆ ಭೂವಿಜ್ಞಾನಿಗಳು ರಾಮನಗರದ ಹಳೇ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರದೇ ಒಂದು ತುಂಡು ಮನೆ ಮನೆಯಲ್ಲೂ ಬಾಗಿಲು ಕಾಯುತ್ತದೆ. ಈ ಪದ್ಧತಿಯ ಮೇಲೆ ನನಗೆ ಪ್ರೀತಿಯಿದೆ. ತಕರಾರೂ ಇದೆ.

ಮೊದಲು ಗಾಳಿಯ ಮಾತು. ಮುಂಗಾರಿನ ಗಾಳಿ ನಮ್ಮಲ್ಲಿಗೆ ಬರುವುದು ನೈಋತ್ಯದಿಂದ, ಪಡುವಣದಿಂದ. ನಮ್ಮ ಮನೆಗಳ ಮುಂಬಾಗಿಲು ಹೆಚ್ಚಾಗಿ ಮೂಡಲಿಗೆ, ಹಿತ್ತಿಲ ಬಾಗಿಲು ಅದರ ನೇರಕ್ಕೆ ಪಡುವಲಿಗೆ. ಹಿತ್ತಿಲಿಂದ ನುಗ್ಗಿದ ಗಾಳಿ ನಡುಮನೆಯಲ್ಲಿ ಹಾದು ಮುಂಬಾಗಿಲಿಂದ ಹೊರಗೆ ಹೋಗುವಾಗ, ಒಳಕ್ಕೆ ತೆರೆದಿಟ್ಟ ಕದವನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಮುಂಬಾಗಿಲು ಬಡಿಯಿತೆಂದು ಎಲ್ಲರೂ ಮುಂದಕ್ಕೆ ಓಡುತ್ತಾರೆ. ಹಿತ್ತಿಲ ಬಾಗಿಲನ್ನು ಅರ್ಧ ಮುಚ್ಚಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಇನ್ನು ಕಲ್ಲು. 7 ಅಡಿ ಎತ್ತರ, 3 ಅಡಿ ಅಗಲದ ಕದಕ್ಕೆ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು ಮೂರೂವರೆ ಕಿಲೋ ಭಾರ ಒರಗಿದಂತೆ. ಗಾಳಿಯ ವೇಗ 40 ಆದರೆ ಭಾರ ನಾಲ್ಕು ಪಟ್ಟಾಗಿ 14 ಕಿಲೋ ಮುಟ್ಟುತ್ತದೆ. ಕದದ ತುದಿಯಲ್ಲಿ ಕಲ್ಲಿಟ್ಟರೆ ಅದಕ್ಕೆ ಬೀಳುವುದು ಇದರ ಅರ್ಧ. ಆದರೆ ಓಡಾಡುವವರ ಕಾಲಿಗೆ ಸಿಗಬಾರದೆಂದು ನಾವು ಕಲ್ಲನ್ನು ಹಿಂಜಿನ ಸಂದಿಗೆ ತುರುಕುತ್ತೇವೆ. ಹಿಂಜಿನಿಂದ ಮೂರು ಇಂಚು ದೂರದಲ್ಲಿ ಸಿಕ್ಕಿಸಿದ ಕಲ್ಲಿನ ಮೇಲೆ ಅದೇ ಗಾಳಿ ಆರು ಪಟ್ಟಾಗಿ, 80 ಕಿಲೋಗೂ ಮೀರಿ ಒತ್ತುತ್ತದೆ. ಕಲ್ಲಿಗೇನೂ ಆಗುವುದಿಲ್ಲ, ಏಟು ತಿನ್ನುವುದು ಹಿಂಜಿನ ತಿರುಪುಗಳು. ನಮ್ಮ ಹುಳು ಮನೆಯ ಬಾಗಿಲಲ್ಲಿ ಮೇಲಿನ ಹಿಂಜಿನ ಮೂರು ತಿರುಪೂ ಮರದ ಪುಡಿಯ ಸಮೇತ ಕಿತ್ತು ಬಂದದ್ದು ಹೀಗೆಯೇ. ತೂತಿಗೆ ಬೆಂಕಿಕಡ್ಡಿ ತುರುಕಿ ಮತ್ತೆ ತಿರುಪು ಹಾಕಿದೆವು. ಇನ್ನೊಂದು ಆಷಾಢ ದಾಟಲಿಲ್ಲ.

ಹಳೇ ಮನೆಗಳಲ್ಲಿ ಈ ಕಷ್ಟ ಇಷ್ಟಿರಲಿಲ್ಲ. ಜೋಡಿ ಕದದ ಬಾಗಿಲಲ್ಲಿ ಒಂದೊಂದು ಕದವೂ ಅರ್ಧ ಅಗಲ. ಗಾಳಿ ಹಿಡಿಯುವ ಜಾಗವೂ ಅರ್ಧ, ತಿರುಚುವ ದೂರವೂ ಅರ್ಧ, ಹಾಗಾಗಿ ಒಂದು ಕದದ ಮೇಲಿನ ತಿರುಚು ನಾಲ್ಕರಲ್ಲಿ ಒಂದು ಪಾಲು. ಮರದ ತಿರುಗಣಿಯಲ್ಲಿ ಕುಂಯ್‌ಗುಡುತ್ತಾ ತಿರುಗುವ ಭಾರದ ಕದ ಬಡಿದುಕೊಳ್ಳುವುದಕ್ಕೂ ನಿಧಾನ. ಒರಟು ನೆಲದ ಮೇಲೆ ಕಲ್ಲೂ ಕದಲುತ್ತಿರಲಿಲ್ಲ. ಈಗ ಒಂಟಿ ಕದದ ಹಗುರ ಫ್ಲಶ್ ಡೋರು, ಕೆಳಗೆ ನುಣುಪು ಟೈಲ್ಸು. ಅದೇ ಕಲ್ಲು ಅಲ್ಲಿ ಜಾರುತ್ತದೆ. ಬಾಗಿಲು ಬದಲಾಯಿತು, ನೆಲ ಬದಲಾಯಿತು, ಕಲ್ಲು ಕೊಡುವ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಅಂಗಡಿಯಲ್ಲಿ ಸಿಗುವ ಮ್ಯಾಗ್ನೆಟ್ ಸ್ಟಾಪರ್ ಮಂದಗಾಳಿಗೆ ಸರಿ, ಬೀಸುಗಾಳಿ ಒಂದೇ ಎಳೆತಕ್ಕೆ ಅದನ್ನು ಬಿಡಿಸಿಬಿಡುತ್ತದೆ. ಮರದ ಬೆಣೆ ನನಗೆ ಇಷ್ಟ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರೊಬ್ಬರ ಹತ್ತಿರ ಹಾಲೆ ಮರದ್ದೊಂದು ಮಾಡಿಸಿಕೊಂಡಿದ್ದೆ. ಹಾಲೆ ಮರ ಮೆತ್ತಗಿನದು, ನೆಲಕ್ಕೆ ಒತ್ತಿ ಕೂರುತ್ತದೆ. ‘ತಳಕ್ಕೆ ಅರಗು ಬೇಡ ಸಾರ್, ಜಾರ್ತದೆ’ ಎಂದು ಅವರೇ ಹೇಳಿ ಮೇಲ್ಭಾಗಕ್ಕೆ ಮಾತ್ರ ಹಳದಿ ಅರಗು ಬಳಿದು, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟರು. ಆದರೂ ಬೆಣೆ ಒಂದು ದಿಕ್ಕಿನ ಗಾಳಿಯನ್ನಷ್ಟೇ ತಡೆಯುತ್ತದೆ. ಗಾಳಿ ದಿಕ್ಕು ಬದಲಿಸಿ ಕದವನ್ನು ಹಿಂದಕ್ಕೊಮ್ಮೆ ತಳ್ಳಿದರೆ ಸಡಿಲವಾಗಿ ಬಿದ್ದುಹೋಗುತ್ತದೆ.

ನನ್ನ ಓಟು ಗೋಡೆಯ ಕೊಕ್ಕೆಗೆ. ಕದದ ತುದಿಯಲ್ಲಿ, ದೊಡ್ಡವರ ಕೈಗೆ ಎಟುಕಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಗೋಡೆಗೆ ಕೊಕ್ಕೆ, ಕದಕ್ಕೆ ಬಳೆ. ಕೊಕ್ಕೆಗೂ ಬಳೆಗೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡೊಂದು ಇರಬೇಕು. ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಗಾಳಿಯ ಒಂದೊಂದು ಏಟೂ ಗೋಡೆಯ ಗಾರೆಗೇ ಬೀಳುತ್ತದೆ. ಟ್ಯೂಬು ಆ ಏಟನ್ನು ತಾನು ನುಂಗಿಕೊಳ್ಳುತ್ತದೆ.    

ಆದರೆ ಕಲ್ಲಿನ ಮೇಲಿನ ನನ್ನ ನಿಜವಾದ ತಕರಾರು ಬೇರೆ, ಅದು ಹುಟ್ಟಿದ್ದು ಹುಳು ಮನೆಯಲ್ಲಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಐದನೇ ಹಂತಕ್ಕೆ ಬಂದ ಹುಳುವಿಗೆ ಗಾಳಿ ಬೇಕೇ ಬೇಕು. ಒಂದು ಹುಳು ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಈ ಐದನೇ ಹಂತದಲ್ಲೇ. ಹಾಸಿಗೆಯ ಕಾವು, ಹಿಕ್ಕೆಯ ವಾಸನೆ, ಒದ್ದೆ ಸೊಪ್ಪಿನ ಹಬೆ ಎಲ್ಲ ಹೊರಗೆ ಹೋಗಬೇಕು. ಅದೇ ಹೊತ್ತಿಗೆ ಊಜಿ ನೊಣವೂ ಹೊಂಚು ಹಾಕುತ್ತಿರುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಬಂದು ಸೇರಿದ ಈ ನೊಣ ಹುಳುವಿನ ಮೈಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಇಡುತ್ತದೆ. ಮರಿ ಒಳಕ್ಕೆ ಕೊರೆದುಹೋದ ಜಾಗ ಕಪ್ಪು ಮಚ್ಚೆಯಾಗುತ್ತದೆ. ಗೂಡು ಕಟ್ಟಿದರೂ ಅದನ್ನು ತೂತು ಮಾಡಿಕೊಂಡು ಮರಿ ಹೊರಬರುತ್ತದೆ, ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಅಂಥ ಗೂಡು ಸುರಿದು ನಿಂತ ರೈತರ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಎರಡು ತೋಳಿನ ತುಂಬ ಸೊಪ್ಪಿನ ಕಂತೆ ತಬ್ಬಿಕೊಂಡು ಬರುವವರಿಗೆ ಬಾಗಿಲು ತೆರೆಯಲು ಕೈ ಇರುವುದಿಲ್ಲ. ಅದಕ್ಕೇ ಕಲ್ಲು. ಕಂತೆ ಇಳಿಸಿ ಸೊಪ್ಪು ಹಾಕುವ ಹೊತ್ತಿಗೆ ಕಲ್ಲಿನ ನೆನಪು ಯಾರಿಗೂ ಇರದು, ಬಾಗಿಲು ಮಧ್ಯಾಹ್ನದವರೆಗೆ ಹಾಗೇ ತೆರೆದಿದ್ದು ಊಜಿಗೆ ದಾರಿಯಾಗುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಗ ಇನ್ನೊಂದು ಪೆಟ್ಟು: ತೆರೆದ ಬಾಗಿಲಿಂದ ಗಾಳಿ ರಭಸವಾಗಿ ನೇರ ನುಗ್ಗಿದರೆ ಹುಳುಗಳು ಒಂದೇ ಮಗ್ಗುಲಿಗೆ ಸರಿದು ಒತ್ತಾಗುತ್ತವೆ, ಎರಡು ಹುಳು ಸೇರಿ ಕಟ್ಟುವ ಜೋಡಿಗೂಡು ಹೆಚ್ಚುತ್ತದೆ.

ಚಿಕ್ಕಪ್ಪ ಎರಡು ಬಾಗಿಲು ಮಾಡಿದರು. ಹೊರಗಿನ ಮರದ ಕದ ಗೋಡೆಯ ಕೊಕ್ಕೆಗೆ. ಒಳಗಡೆ ಮರದ ಚೌಕಟ್ಟಿಗೆ ನೈಲಾನ್ ಬಲೆ ಬಿಗಿದ ಹಗುರವಾದ ಕದ. ಬಲೆಯ ಕಣ್ಣುಗಳಲ್ಲಿ ಗಾಳಿ ರಭಸ ಕಳೆದುಕೊಂಡು ಒಳಗೆ ಬರುತ್ತದೆ, ಕದವನ್ನು ಹೆಚ್ಚು ಎಳೆದಾಡುವುದಿಲ್ಲ. ಆ ಕದಕ್ಕೆ ಹಗ್ಗ ಕಟ್ಟಿ, ಚೌಕಟ್ಟಿನ ಮೂಲೆಯಲ್ಲಿ ಸಣ್ಣ ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ನಮ್ಮ ಹಳೇ ಗುಂಡುಕಲ್ಲನ್ನೇ ಗೋಣಿಯಲ್ಲಿ ಸುತ್ತಿ ತೂಗುಬಿಟ್ಟರು. ಈಗ ಚಿಕ್ಕವ್ವ ಸೊಪ್ಪಿನ ಕಂತೆ ತಬ್ಬಿಕೊಂಡು ಬಂದು ಸೊಂಟದಿಂದ ಬಲೆಯ ಕದ ನೂಕುತ್ತಾಳೆ. ಕಲ್ಲು ಮೇಲಕ್ಕೇರುತ್ತದೆ. ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಇಳಿದು, ಕದವನ್ನು ತಾನೇ ಮುಚ್ಚಿ, ಗೋಡೆಗೊಮ್ಮೆ ತಾಗಿ ನಿಲ್ಲುತ್ತದೆ.