ಸತ್ತವರ ಮೇಲೆ ಹೊರಿಸಿದ ಗಲಿಬಿಲಿ

ಜನ ಸೇರಿದಲ್ಲಿ ಸಾವಾದರೆ ಮರುದಿನದ ಸುದ್ದಿಯಲ್ಲಿ ಒಂದು ವಾಕ್ಯ ಸಿದ್ಧವಾಗಿರುತ್ತದೆ: ಗಲಿಬಿಲಿಗೊಂಡ ಜನ ದಿಕ್ಕಾಪಾಲಾಗಿ ಓಡಿದಾಗ ಕಾಲ್ತುಳಿತ ಉಂಟಾಯಿತು. ಗುಂಪಿಗೆ ಬುದ್ಧಿಯಿಲ್ಲ, ಹೆದರಿದರೆ ಒಬ್ಬರನ್ನೊಬ್ಬರು ತುಳಿದುಕೊಂಡು ಹೋಗುತ್ತಾರೆ ಎಂದು ನಾವೂ ನಂಬಿಕೊಂಡಿದ್ದೇವೆ. ಇಂಥ ಬಹಳಷ್ಟು ದುರಂತಗಳಲ್ಲಿ ಆ ನಂಬಿಕೆ ಸುಳ್ಳು. ಸತ್ತವರಿಗೆ ಅದು ಅನ್ಯಾಯವೂ ಹೌದು.

ಗಲಿಬಿಲಿಗೊಂಡು ಓಡಬೇಕಾದರೆ ಓಡುವಷ್ಟು ಜಾಗ ಬೇಕು. ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿ ನಿಂತರೆ ಯಾರ ಹೆಜ್ಜೆಯೂ ಅವರವರ ಸ್ವಾಧೀನದಲ್ಲಿ ಉಳಿಯುವುದಿಲ್ಲ. ಹಿಂದಿನ ಒತ್ತಡ ಅಲೆಯ ಹಾಗೆ ಮೈಯಿಂದ ಮೈಗೆ ದಾಟುತ್ತದೆ. ಎದೆ ಹಿಗ್ಗಲು ಎಡೆಯಿಲ್ಲದೆ ಉಸಿರು ಕಟ್ಟುತ್ತದೆ. ಎಷ್ಟೋ ಮಂದಿ ನಿಂತಲ್ಲೇ ಪ್ರಾಣ ಬಿಡುತ್ತಾರೆ. ಮುಂದೆ ಏನಾಗುತ್ತಿದೆ ಎಂಬುದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ದಿಗಿಲು ಹುಟ್ಟುವುದು ಉಸಿರು ಸಿಕ್ಕದಾದ ಮೇಲೆ. ಅದನ್ನೇ ನಾವು ಸಾವಿನ ಕಾರಣವೆಂದು ಬರೆಯುತ್ತೇವೆ. ‘ಕಾಲ್ತುಳಿತ’ವೂ ಅಂಥದೇ ಮಾತು. ಅದು ತುಳಿದವರನ್ನು ಹುಡುಕುತ್ತದೆ, ಗೇಟು ಮುಚ್ಚಿಟ್ಟವರನ್ನು ಬಿಟ್ಟುಬಿಡುತ್ತದೆ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ಆದ ದುರಂತ 97 ಜನರನ್ನು ಬಲಿ ತೆಗೆದುಕೊಂಡಿತು. ಕುಡಿದು ನುಗ್ಗಿದ ಅಭಿಮಾನಿಗಳದೇ ತಪ್ಪೆಂದು ಪೊಲೀಸರು ಹೇಳಿದರು, ಪತ್ರಿಕೆಗಳೂ ಬರೆದವು. ಆದರೆ ಹೊರಗಿನ ಒತ್ತಡ ತಗ್ಗಿಸಲು ಗೇಟು ತೆರೆಸಿದವರು ಪೊಲೀಸರೇ. ಆಗಲೇ ತುಂಬಿಹೋಗಿದ್ದ ಪ್ರೇಕ್ಷಕರ ಕಟಕಟೆಗಳಿಗೆ ಹೋಗುವ ಸುರಂಗದ ದಾರಿಯನ್ನು ಮಾತ್ರ ಮುಚ್ಚಿಸಲಿಲ್ಲ. ಪೊಲೀಸ್ ನಿಯಂತ್ರಣದ ಸೋಲೇ ಮುಖ್ಯ ಕಾರಣವೆಂದು ನ್ಯಾಯಮೂರ್ತಿ ಟೇಲರ್ ಅದೇ ವರ್ಷ ವರದಿ ಕೊಟ್ಟರೂ ಕಳಂಕ ಹೋಗಲಿಲ್ಲ. ಅಭಿಮಾನಿಗಳ ತಪ್ಪೇನೂ ಇರಲಿಲ್ಲವೆಂದು ಜೂರಿಯ ಬಾಯಲ್ಲಿ ಕೇಳಲು ಸತ್ತವರ ಮನೆಯವರು 2016ರವರೆಗೆ ಕಾಯಬೇಕಾಯಿತು. ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ 2022ರ ಅಕ್ಟೋಬರ್ 29ರಂದು ಇಕ್ಕಟ್ಟಾದ ಓಣಿಯೊಂದರಲ್ಲಿ ಆದ ದುರಂತಕ್ಕೆ ಒಟ್ಟು 159 ಜನ ಬಲಿಯಾದರು. ಅಲ್ಲಿದ್ದವರು ಗಂಟೆಗಳ ಮೊದಲೇ ಪೊಲೀಸರಿಗೆ ಫೋನು ಮಾಡಿ, ಇಲ್ಲಿ ಜನ ಸಾಯುವ ಹಾಗಿದೆ ಎಂದು ಎಚ್ಚರಿಸಿದ್ದರು. ಇದನ್ನು ಗಲಿಬಿಲಿ ಎನ್ನಲು ಬಾಯಿ ಬರುತ್ತದೆಯೇ?

ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ತೀರಿಕೊಂಡಾಗಲೂ ಅಭಿಮಾನಿಗಳ ಹುಚ್ಚಿನ ಮಾತೇ ಮೊದಲು ಕೇಳಿಬಂತು. ಒಳಗೆ ಹಿಡಿಸುವುದು ಸುಮಾರು 35 ಸಾವಿರ ಜನ. ಹೊರಗೆ ಸೇರಿದ್ದು ಲಕ್ಷಗಟ್ಟಲೆ. ಆರ್‌ಸಿಬಿ ಕ್ರಿಕೆಟ್ ತಂಡ ಐಪಿಎಲ್ ಕಪ್ ಗೆದ್ದ ಸಂತೋಷಕ್ಕೆ ಬಂದವರನ್ನು ಬೈಯುವುದು ಸುಲಭ, ಏಕೆಂದರೆ ಸತ್ತವರು ಎದುರುತ್ತರ ಕೊಡುವುದಿಲ್ಲ. ಸ್ಪಷ್ಟ ಸಿದ್ಧತೆಯಿಲ್ಲದೆ ಅಷ್ಟು ಜನರನ್ನು ಕರೆದವರು ಯಾರು, ಯಾವ ಗೇಟು ಎಷ್ಟು ಹೊತ್ತಿಗೆ ತೆರೆಯಿತು, ಬಂದ ಜನ ಹಿಂದಿರುಗಲು ದಾರಿ ಎಲ್ಲಿತ್ತು ಎಂಬುದನ್ನು ವರದಿಯ ಮೊದಲ ಪ್ಯಾರಾದಲ್ಲೇ ಕೇಳಬೇಕು. ಸತ್ತದ್ದು ಹೇಗೆಂದು ಬರೆಯುವಾಗ ‘ಇಕ್ಕಟ್ಟಿನಲ್ಲಿ ಸಿಕ್ಕಿ ಉಸಿರುಗಟ್ಟಿ’ ಎಂದು ಬರೆದರೆ ಸಾಕು. ಗಲಿಬಿಲಿ ಎಂಬ ಮಾತನ್ನು ಅದಕ್ಕೆ ಪುರಾವೆ ಸಿಕ್ಕಿದ ದಿನ ಬರೆಯೋಣ.